ಸಂಜೆಯ ಕೆಲಸ

ಕೈಗೆ ಬೇಡಿ ಬೀಳುವಾಗಲೂ ಉಳಿವೆಪ್ಪ ಪೇಸ್ತನ್ ಶೇಠರನ್ನೇ ನೋಡುತ್ತಿದ್ದ. ಶೇಠರು ಮುಖ ತಿರುಗಿಸಿದರು.

ಸವಣೂರಿನ ಅವರ ಹತ್ತಿ ಗಿರಣಿ ಬೆಳಗಾಗುವಷ್ಟರಲ್ಲಿ ಬೂದಿಯಾಗಿತ್ತು. ಸೂರತ್ತಿನಿಂದ ಬಂದ ಅಜ್ಜ ಬೆಹರಾಮ್‌ಜಿ ಕಟ್ಟಿದ್ದು, ಅಪ್ಪ ಬೆಳೆಸಿದ್ದು. ಹಾನಗಲ್ಲು, ಹಿರೇಕೆರೂರಿನ ಹತ್ತಿ ಗಾಡಿಗಳೂ ಅಲ್ಲಿಗೇ ಬರುತ್ತಿದ್ದವು. ಐವತ್ತೆಂಟರ ಸುಗ್ಗಿಯಲ್ಲಿ ಮೂರು ತಲೆಮಾರು ಒಂದೇ ಸಲ ಮುಗಿಯಿತು. ಬೂದಿ ಕೆದಕಿದಾಗ ಸಿಕ್ಕಿದ್ದು ಅಜ್ಜನ ಹಿತ್ತಾಳೆ ದೀಪ ಮಾತ್ರ.

ಬೆಂಕಿ ಎದ್ದದ್ದು ಬೀಗ ಹಾಕಿದ ಆಫೀಸಿನೊಳಗಿಂದ. ಹೊರಗಿನವರು ಹೊಕ್ಕ ಗುರುತಿಲ್ಲ. ಮೂವತ್ತು ವರ್ಷ ಆ ಬಾಗಿಲು ಹಾಕಿದವನು ಉಳಿವೆಪ್ಪ. ಇನ್ನೊಂದು ಕೀಲಿ ಮಾಡಿಸಿಟ್ಟಿರುತ್ತಾನೆ ಬಿಡಿ, ಎಂದಿತು ಊರು. ಊರಿಗೇನು, ಹೇಳಿ ಕೈ ತೊಳೆದುಕೊಂಡಿತು.

ಸೇಡಿಗೆ ಕಾರಣವೂ ಇತ್ತು. ಬೆಂಕಿ ಬೀಳುವ ಹಿಂದಿನ ಮಧ್ಯಾಹ್ನ ಗೇಟಿನಲ್ಲಿ ತಡವಿದಾಗ ಅವನ ಜೇಬಿನಲ್ಲಿ ಬೀಡಿ ಕಟ್ಟು ಸಿಕ್ಕಿತ್ತು. ಹತ್ತಿ ಗಿರಣಿಯಲ್ಲಿ ಬೀಡಿ! ಅದೂ ಪಾರ್ಸಿಗಳ ಗಿರಣಿಯಲ್ಲಿ! ಬೆಂಕಿ ಅವರಿಗೆ ದೇವರು. ಅದಕ್ಕೆ ಬಾಯಿಯ ಎಂಜಲು, ಉಸಿರು ತಾಗಬಾರದೆಂದು ಆ ಮನೆಯಲ್ಲಿ ಯಾರೂ ಬೀಡಿ ಮುಟ್ಟಿದವರಲ್ಲ.

“ನನ್ನವಲ್ರಿ ಶೇಠ್ರ. ದುಂಡಸಿಯಿಂದ ನಮ್ಮಣ್ಣ ಬಂದಾನ, ಅವಗ ತಗೊಂಡೇನಿ.”

“ಕೀಲಿ ಇಡು. ನಡಿ.”

ಉಳಿವೆಪ್ಪ ಕೀಲಿ ಇಟ್ಟ. ಹೊಸಿಲಲ್ಲಿ ನಿಂತ. “ಸಂಜೀ ಕೆಲಸ ಯಾರ್ ನೋಡ್ತಾರ್ರಿ?”

“ಬಾಗಿಲಾ ಹಾಕಾಕ ನನಗೂ ಬರ್ತೈತಿ.”

ಕೋರ್ಟಿನಲ್ಲಿ ಶೇಠರು ಒಂದಕ್ಷರ ಸುಳ್ಳು ಹೇಳಲಿಲ್ಲ. “ದಿನದಂಗ ಅಜ್ಜಾರ ಪಟಕ್ಕ ದೀಪಾ ಹಚ್ಚಿ ಕೈ ಮುಗಿದೆ. ನಾನ ಬೀಗಾ ಹಾಕಿ ಮನಿಗೆ ಬಂದೆ. ಒಳಗ ಯಾರೂ ಇರಲಿಲ್ಲ.”

ಕಟಕಟೆಯಲ್ಲಿದ್ದ ಉಳಿವೆಪ್ಪ ತಟ್ಟನೆ ತಲೆ ಎತ್ತಿದ. “ಶೇಠ್ರ, ಹಂಗಾರ ಅವತ್ತ ಸಂಜೀಕ...”

“ಕೇಳಿದಾಗ ಮಾತಾಡು,” ನ್ಯಾಯಾಧೀಶರು ಗದರಿದರು. ಆಮೇಲೆ ಯಾರೂ ಕೇಳಲಿಲ್ಲ.

ಏಳು ವರ್ಷ ಶಿಕ್ಷೆಯಾಯಿತು. ಅವನ ಹೆಂಡತಿ ಕರೆವ್ವ ಕೋರ್ಟಿನ ಅಂಗಳದಲ್ಲಿ ಶೇಠರ ಮೇಲೆ ಮಣ್ಣು ತೂರಿದಳು. “ನಿಮ್ಮ ಮನ್ಯಾಗ ದೀಪಾ ಹಚ್ಚಾವ್ರ ಇಲ್ಲದಂಗ ಆಗ್ಲಿ!”

ಶೇಠರಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಉಪ್ಪು ತಿಂದ ಮನೆಗೆ ಬೆಂಕಿ ಇಟ್ಟವನ ಹೆಂಡತಿ, ಬೈಯಲಿ.

ಅಂದು ಸಂಜೆ ಬಂಗಲೆಯಲ್ಲಿ ಅವರೇ ಕೂತು ಆ ದೀಪವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಎಣ್ಣೆ ಹೊಯ್ದು ಹಚ್ಚಿದರು. ಕರಿ ಟೊಪ್ಪಿಗೆ ಸರಿಮಾಡಿಕೊಂಡು, ನ್ಯಾಯ ಸಿಕ್ಕಿತೆಂದು ಅಜ್ಜನಿಗೆ ಹೇಳಿ ಕೈ ಮುಗಿದರು. ಎದ್ದು ಕೋಲು ಹಿಡಿದು ಬಾಗಿಲಿಗೆ ಬಂದರು. ಗಿರಣಿಯಲ್ಲಿ ಮೂವತ್ತು ವರ್ಷ ಪ್ರತಿ ಸಂಜೆ ಕೂಗಿದ ಮಾತು, ತಿರುಗಿ ನೋಡುವ ಮೊದಲೇ ಬಾಯಿಂದ ಬಿತ್ತು:

“ಉಳಿವೆಪ್ಪಾ, ದೀಪಾ ಊದಿ ಬಾಗಿಲಾ ಹಾಕು.”