ಬಲಗಡೆಯ ಹೂವು

ಬಲಗಡೆಯ ಹೂವೇ ಮೊದಲು ಬಿತ್ತು.

ಕರ್ಕಿಯ ತ್ರ್ಯಂಬಕ ಹೆಗಡೆಯವರು ಕೈ ಜೋಡಿಸಿ, ಹಿಡಿದಿಟ್ಟ ಉಸಿರು ಬಿಟ್ಟರು. ದೇವರ ಎರಡು ಭುಜಕ್ಕೂ ಒದ್ದೆ ಹೂವು ಅಂಟಿಸಿ ಪ್ರಸಾದ ಕೇಳುವುದು ಊರಿನ ವಾಡಿಕೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಮದುವೆಗೆ, ಬಾವಿಗೆ, ಕಳೆದುಹೋದ ಎಮ್ಮೆಗೆ ಕೇಳಿದವರಿದ್ದರು. ಕಾರಿನ ಮೆಕ್ಯಾನಿಕ್ಕಿಗಾಗಿ ಕೇಳಿದವರು ಹೆಗಡೆಯವರೇ ಮೊದಲಿಗರು.

“ಜಟ್ಟನ್ನ ನಂಬಲೆ ಅಡ್ಡಿಲ್ಲೆ ಹೇಳಿ ಆತು,” ಎಂದರು ಪೂಜೆಯ ಭಟ್ಟರು.

ಹೆಗಡೆಯವರಿಗೂ ಬೇರೆ ದಾರಿ ಇರಲಿಲ್ಲ. ಮಗಳು ವನಮಾಲಾಳ ಮದುವೆಗೆ ಉಳಿದದ್ದು ಐದೇ ದಿನ. ಮದುಮಗನನ್ನು ಕುಮಟೆಯಿಂದ ಸ್ವಂತ ಕಾರಿನಲ್ಲೇ ಕರೆತರುತ್ತೇನೆಂದು ಬೀಗರೆದುರು ಜಂಬ ಕೊಚ್ಚಿಕೊಂಡು ಬಂದಿದ್ದರು. ಆ ಮುದಿ ಕಾರೋ, ಏರು ಕಂಡರೆ ಸಾಕು, ಕೆಮ್ಮಿ ಕೂತುಬಿಡುತ್ತಿತ್ತು. ಕುಮಟೆಯ ಮಾಬ್ಲೇಶ್ವರ ಭಾರೀ ಕೈಚಳಕದ ಮೆಕ್ಯಾನಿಕ್. ಆದರೆ ಹೊಸದು ಹಾಕಿದೆನೆಂದು ಹೇಳಿ ಹಳೆಯದನ್ನೇ ತಿಕ್ಕಿ ತೊಳೆದು ಹಾಕುತ್ತಾನೆಂದು ಹೆಸರಾದವನು. ಹೊನ್ನಾವರದಲ್ಲಿ ಇಂಜಿನ್ ರಿಪೇರಿ ಮಾಡುವ ಜಟ್ಟ ಹಾಗಲ್ಲ. ರಸ್ತೆಯಲ್ಲಿ ಒಂದು ಬೋಲ್ಟು ಸಿಕ್ಕಿದರೂ ಯಾರದೆಂದು ನಾಲ್ಕು ಅಂಗಡಿಯಲ್ಲಿ ಕೇಳುವ ಮನುಷ್ಯ.

ಏರು ಬಂದಲ್ಲೆಲ್ಲ ದೂಡಿಸುತ್ತ ಕಾರನ್ನು ಜಟ್ಟನ ಅಂಗಡಿಗೆ ಮುಟ್ಟಿಸಿದರು. ಮರುದಿನ ಹೋಗಿ ನೋಡಿದರೆ ಕಾರು ಇಟ್ಟಲ್ಲೇ ಇದೆ. ಬಾನೆಟ್ಟಿನ ಮೇಲೆ ಒಂದು ಕೋಳಿ ಕೂತಿದೆ.

“ಎಂತದಾ ಜಟ್ಟ, ಮುಟ್ಟಲೇ ಇಲ್ವ?”

“ಇಲ್ಲ ಹೆಗಡೇರೆ. ನಾನು ಹೊಳೆ ದಾಟೂ ಲಾಂಚಿನ ಇಂಜಿನ್ ರಿಪೇರಿ ಮಾಡುವವ. ಕಾರು ಬಿಚ್ಚೂಕೆ ಹೆದ್ರಿಕೆ ಆತು. ಬೆಳಿಗ್ಗೆ ನಿಮ್ಮೂರ ದೇವರ ಹತ್ರನೇ ಪ್ರಸಾದ ಕೇಳ್ದೆ, ಇದು ನನ್ನ ಕೈಲಿ ಆಗೂದಾ ಅಂತ. ಎಡಕ್ಕೆ ಬಿತ್ತು.”

ಹೆಗಡೆಯವರ ತಲೆ ಗಿರ್ರೆಂದಿತು. “ಅದೇ ದೇವರು ನಂಗೆ ಬಲಕ್ಕೆ ಕೊಟ್ಟದಲ್ಲ ಮಾರಾಯ!”

“ನೀವು ಎಂತ ಕೇಳಿದ್ರಿ?”

“ಜಟ್ಟನ್ನ ನಂಬೂಕಾಗ್ತದಾ ಅಂತ.”

“ಮತ್ತೆ? ದೇವರು ಖರೇನೇ ಹೇಳಿದ. ನನ್ನ ನಂಬಿ. ಇದು ನನ್ನ ಕೈಲಿ ಆಗೂದಲ್ಲ.”

ಹೆಗಡೆಯವರು ಕಾರನ್ನೂ ಕೋಳಿಯನ್ನೂ ನೋಡುತ್ತ ನಿಂತರು. ಬೀಗರ ಮುಖ ನೆನಪಾಯಿತು. ಆಮೇಲೆ ಏನು ಹೊಳೆಯಿತೋ, “ಅಂಗಿ ಹಾಕ್ಕೊಂಡು ನಡಿ,” ಎಂದರು.

ಮಧ್ಯಾಹ್ನದ ಹೊತ್ತಿಗೆ ಲಾರಿಯೊಂದರ ಬೆನ್ನಿಗೆ ಹಗ್ಗ ಕಟ್ಟಿಸಿಕೊಂಡು ಕಾರು ಕುಮಟೆಗೆ ಬಂತು. ಮಾಬ್ಲೇಶ್ವರ ಇಂಜಿನ್ ಚಾಲೂ ಮಾಡಿ, ಒಂದೇ ಒಂದು ಸಲ ಕಿವಿಗೊಟ್ಟು, “ಪೆಟ್ರೋಲ್ ಪಂಪು ಹೋಗಿದೆ. ಹೊಸದೇ ಹಾಕ್ಬೇಕು,” ಎಂದುಬಿಟ್ಟ.

ಜಟ್ಟ ಒಂದು ಡಬ್ಬಿ ಬೋರಲು ಹಾಕಿ ಅವನೆದುರಿಗೇ ಕೂತ. ಎಲೆ ಅಡಿಕೆಯ ಕವಳ ಹಾಕಿದ. ಆಮೇಲೆ ಕಣ್ಣು ಮಿಟುಕಿಸಲಿಲ್ಲ. ಮಾಬ್ಲೇಶ್ವರನ ಕೈ ಮೇಜಿನಡಿಯ ಹಳೆ ಸಾಮಾನಿನ ಪೆಟ್ಟಿಗೆಯತ್ತ ಹೋಯಿತು. ಜಟ್ಟ ಕೆಮ್ಮಿದ. ಕೈ ಮೇಲಿನ ಕಪಾಟಿಗೆ ಏರಿ ಹೊಸ ಪಂಪು ಇಳಿಸಿತು. ಸ್ವಲ್ಪ ಹೊತ್ತಿಗೆ ಹಳೇ ವಾಷರಿಗೆಂದು ಮತ್ತೆ ಕೆಳಗೆ ಹೋಯಿತು. ಮತ್ತೆ ಕೆಮ್ಮು.

ಮೂರನೆಯ ಕೆಮ್ಮಿಗೆ ಮಾಬ್ಲೇಶ್ವರ ನಟ್ಟು ತಿರುಗಿಸುತ್ತಿದ್ದ ಪಾನಾ ನೆಲಕ್ಕೆ ಒಗೆದ. “ಹೆಗಡೇರೆ, ಗಾಡಿ ರಿಪೇರಿ ಮಾಡೂದು ನಾನು. ಈ ಮನಷ ಇಲ್ಲಿ ಎಂತಕ್ಕೆ?”

“ಸಿಟ್ಟು ಮಾಡ್ಬೇಡ ಮಾರಾಯ,” ಎಂದರು ಹೆಗಡೆಯವರು. “ದೇವರು ತೋರಿಸಿಕೊಟ್ಟ ಮೆಕ್ಯಾನಿಕ್ ಅವನೇ. ನೀನು ಬರೀ ರಿಪೇರಿ ಮಾಡು.”