ಐದನೆಯ ಗುಂಡು

ಚಳಿಗಾಲದ ಎಳೆಬಿಸಿಲು ಬಂದೂಕು ಊರಿದ ಮರಳುಚೀಲಗಳ ಮೇಲೆ ಬೀಳುವ ಹೊತ್ತಿಗೆ ಸೊಸೆ ನಾಲ್ಕು ಗುಂಡು ಹಾರಿಸಿಯಾಗಿತ್ತು. ಕಾಡು ಕಾಯುವವನ ಬಂದೂಕಿನ ಗುರಿ ನೋಡುವ ದುರ್ಬೀನನ್ನು ತಮ್ಮ ಅಂಗಡಿಯಲ್ಲಿ ರಿಪೇರಿ ಮಾಡಿದ್ದು ಮಾವ. ಕಣ್ಣು ಮಂಜಾದ ಮೇಲೆ ಅವರದೆಲ್ಲ ಬೆರಳು, ಕಿವಿಗಳ ಕೆಲಸ. ಗಟ್ಟಿಯಿದೆಯೇ ನೋಡಲು ಅದನ್ನು ಗೋಣಿಯ ಮೇಲೆ ಬೇಕೆಂದೇ ಬೀಳಿಸಿದ್ದರು. ಆಮೇಲೆ ಪ್ರತಿ ಗುಂಡಿನ ನಂತರ ಅದರ ತಿರುಪುಗಳನ್ನು ಟಿಕ್ ಟಿಕ್ ಸದ್ದು ಎಣಿಸುತ್ತಾ ಮೇಲಕ್ಕೆ, ಬಲಕ್ಕೆ, ಕೆಳಕ್ಕೆ ಒಂದೇ ಎಣಿಕೆಯಷ್ಟು ತಿರುಗಿಸಿ, ಈಗ ಎಡಕ್ಕೂ ಅಷ್ಟೇ ಎಣಿಕೆ ತಂದರು. ಸೊಸೆ ಗುರಿಯಿಡುವ ಚುಕ್ಕೆ ಪ್ರತಿ ಸಲವೂ ಒಂದೇ; ತಿರುಪು ಸರಿದಂತೆ ಗುಂಡುಗಳು ಚೌಕದ ನಾಲ್ಕು ಮೂಲೆಗಳಲ್ಲಿ ಬೀಳಬೇಕು, ದುರ್ಬೀನು ಸರಿಯಿದ್ದರೆ ಐದನೆಯ ಗುಂಡು ಮೊದಲ ತೂತಿಗೇ ಮರಳಬೇಕು.

"ಮರಳದಿದ್ರೆ ನಾಳೆಯಿಂದ ಅಂಗಡಿ ಬಾಗಿಲು ತೆಗೆಯಲ್ಲ ಕಣಮ್ಮ," ಎಂದರು.

ಸೊಸೆ ಉಸಿರು ಬಿಗಿಹಿಡಿದು ಹಾರಿಸಿದಳು. ಬಂದೂಕು ಕೆಳಗಿಟ್ಟು, ಓಡಿಹೋಗಿ ಗುರಿಯ ಕಾಗದ ಕಿತ್ತು ತಂದಳು. "ಮೊದಲಿನದರಲ್ಲೇ ಬಿತ್ತು ಮಾವ!"

"ತೂತು ಎಷ್ಟಿವೆ?"

"ನಾಲ್ಕು."

"ಹಾಗಾದ್ರೆ ಐದನೇದು ಕಾಗದಕ್ಕೇ ತಾಗಿಲ್ಲ. ನನ್ನ ಮೂಗಿಗೆ ತುಪ್ಪ ಸವರಬೇಡ. ಮೊನ್ನೆ ನಾನು ಸೀಯಿಸಿದ ಹಾಲನ್ನೂ ಚೆನ್ನಾಗಿದೆ ಅಂತ ಕುಡಿದವಳು ನೀನು!"

ಅವಳು ಅವರ ತೋರುಬೆರಳು ಹಿಡಿದು ಕಾಗದದ ಮೇಲಿಟ್ಟಳು. ಒಂದು ತೂತು ದುಂಡಗಿತ್ತು. ಪಕ್ಕದ ಮೂಲೆಯದೂ ಹಾಗೇ, ಅದರಾಚೆಯದೂ ಹಾಗೇ. ಕೊನೆಯದರ ಅಂಚಿಗೆ ಬಂದಾಗ ಬೆರಳು ನಿಂತಿತು. ಅಲ್ಲಿ ತೂತು ಒಂದು ಕಡೆ ಕೂದಲೆಳೆಯಷ್ಟು ಹೆಚ್ಚು ಬಾಯಿ ಬಿಟ್ಟಿತ್ತು. ಎರಡು ಗುಂಡುಗಳು ಹೋದ ದಾರಿ ಅದು. ಮಾವ ಅದನ್ನು ಮತ್ತೆ ಮತ್ತೆ ಸವರಿದರು.

"ಬಂದು ಬಂದೂಕು ತಗೊಂಡು ಹೋಗು ಅಂತ ಆ ಕಾಡು ಕಾಯೋನಿಗೆ ಹೇಳಿ ಕಳಿಸಮ್ಮ," ಎಂದರು. ಸೊಸೆಯ ಕೈಯನ್ನು ಮಾತ್ರ ಬಿಡಲಿಲ್ಲ.