ದೀಪಕ್ಕೆ ಸರ್ಕಾರದ ಗಾಳಿ

ಮಂಗಳ ಗ್ರಹದ ಆ ಊರಿನಲ್ಲಿ ಗಾಳಿ ರೇಷನ್ನಿನಲ್ಲಿ ಸಿಗುತ್ತಿತ್ತು. ದೇವರಿಗೆ ಹಚ್ಚಿದ ದೀಪ ಉಸಿರಿನ ಪಾಲನ್ನೇ ತಿನ್ನುತ್ತಿತ್ತು. ಹಾಗಾಗಿ ನೀಲವ್ವ ವಾರವಿಡೀ ಹಾಡದೆ, ಓಡದೆ, ಬಲು ಕಷ್ಟಪಟ್ಟು ಜಗಳವನ್ನೂ ಆಡದೆ, ಸೋಮವಾರದ ದೀಪಕ್ಕೆಂದು ತನ್ನ ಸಿಲಿಂಡರಿನಲ್ಲಿ ಒಂದಿಷ್ಟು ಉಳಿಸುತ್ತಿದ್ದಳು.

ಆ ಸೋಮವಾರ ಊರಿಗೆ ಸಂವಿಧಾನ ಬರೆಯುವ ಸಭೆ. ಎಲ್ಲ ದೇವರ ದೀಪಕ್ಕೂ ಸರ್ಕಾರವೇ ಗಾಳಿ ಕೊಡಬೇಕೆಂಬ ಕಲಮು ಓದುತ್ತಲೇ ಚಪ್ಪಾಳೆ ಬಿತ್ತು. ಬೇಡವೆಂದು ಕೈಯೆತ್ತಿದವನು ದೇವರನ್ನೇ ನಂಬದ ಫಕೀರಪ್ಪ ಮಾಸ್ತರ ಒಬ್ಬನೇ. ಅಷ್ಟರಲ್ಲಿ ನೀಲವ್ವನೂ ಎದ್ದಳು.

"ನನಗೂ ಬ್ಯಾಡ್ರಿ! ಇವತ್ತ ಗಾಳಿ ಕೊಟ್ಟಾವ್ರು ನಾಳೆ ಯಾರ ದೀಪ ಆರಸಬೇಕಂತ ಹೇಳಾಕ ಬರ್ತಾರ. ನನ್ನ ದೇವರಿಗೆ ನನ್ನ ಉಸಿರ ಸಾಕು!"

ಸಂಜೆಯತನಕ ಆಕೆ ಒಬ್ಬೊಬ್ಬರೊಡನೆಯೂ ವಾದಿಸಿ, ಕೂಗಾಡಿ, ಕೊನೆಗೂ ಆ ಕಲಮನ್ನು ಹೊಡೆದುಹಾಕಿಸಿದಳು. ಹೊರಗೆ ಬಂದು ನೋಡಿದರೆ ಸಿಲಿಂಡರಿನ ಮುಳ್ಳು ತಳಕ್ಕೆ ಇಳಿದಿತ್ತು. ದೀಪದ ಗಾಳಿಯೆಲ್ಲ ಜಗಳಕ್ಕೇ ಹೋಗಿತ್ತು.

ಮಾಸ್ತರ ನಗುತ್ತ ತನ್ನ ಸಿಲಿಂಡರಿನ ಕೊಳವೆಯನ್ನು ಆಕೆಯದಕ್ಕೆ ಸಿಕ್ಕಿಸಿದ.

"ನಿಮಗ ದೇವರ ಇಲ್ಲಲ್ರಿ, ಮಾಸ್ತರ?"

"ನನಗ ದೇವರಿಲ್ಲ, ಖರೆ. ಆದ್ರ ನಾ ಸರ್ಕಾರನೂ ಅಲ್ಲಲ್ಲಾ! ನಡಿ ಯವ್ವಾ, ದೀಪ ಹಚ್ಚು."